ಹಾಯಿದೋಣಿಗೆ ಹೊಸಿಲು

ನಾನು ನಾಯಿ ಡಾಕ್ಟರು. ಬೆಕ್ಕು, ಮೊಲ, ಗಿಳಿ, ಆಮೆ ಎಲ್ಲವನ್ನೂ ನೋಡುತ್ತೇನಾದರೂ ಜೆ.ಪಿ. ನಗರದ ಎರಡನೇ ಹಂತದಲ್ಲಿ ನನಗಿರುವ ಹೆಸರು ಅದೇ. ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠವೆಂದರೆ, ನಾಯಿ ಸುಳ್ಳು ಹೇಳುವುದಿಲ್ಲ, ನಾಯಿ ಸಾಕಿದವರು ಹೇಳುತ್ತಾರೆ. “ಬರೀ ಡಾಗ್ ಫುಡ್ಡು ಡಾಕ್ಟ್ರೇ, ಬೇರೆ ಏನೂ ಮುಟ್ಸಲ್ಲ” ಎಂದು ಆಣೆ ಇಡುವವರ ನಾಯಿ ನನ್ನ ಮೇಜಿನ ಮೇಲೆಯೇ ಒಬ್ಬಟ್ಟು ವಾಂತಿ ಮಾಡುತ್ತದೆ. ಇಂಥ ಸುಳ್ಳುಗಾರರಿಗೆಲ್ಲ ಒಂದು ಸನ್ಮಾನ ಸಮಾರಂಭ ಏರ್ಪಡಿಸಿದರೆ ಮೊದಲ ಶಾಲನ್ನು ನನ್ನ ಸ್ವಂತ ಅಕ್ಕ ವಿಮಲಾಗೆ ಹೊದಿಸಬೇಕು.

ಹಾಗೆಂದು ಅವಳು ಕೆಟ್ಟವಳಲ್ಲ. ನಮ್ಮ ಮನೆತನವೇ ಹಾಗೆ. ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದು, ದೂರದಲ್ಲಿರುವವರು ಗಾಬರಿಯಾಗುತ್ತಾರೆ ಎನ್ನುವುದು ನಮ್ಮಲ್ಲಿ ವೇದವಾಕ್ಯ. ನಾನು ಹೆಬ್ಬಾಳದ ಕಾಲೇಜಿನ ಹಾಸ್ಟೆಲಿನಲ್ಲಿದ್ದಾಗ, ಅಪ್ಪನಿಗೆ ಕಾಲು ‘ಸ್ವಲ್ಪ ಉಳುಕಿದೆ’ ಎಂದು ಅಕ್ಕ ಹೇಳಿದ್ದಳು. ಭಾನುವಾರ ಮನೆಗೆ ಬಂದು ನೋಡಿದರೆ ತೊಡೆಯವರೆಗೆ ಪ್ಲಾಸ್ಟರು. ಕೂಗಾಡಿದ್ದಕ್ಕೆ, “ನಿಂಗೆ ಪರೀಕ್ಷೆ ಇತ್ತಲ್ಲೇ” ಎಂದು ಶಾಂತವಾಗಿ ಮಜ್ಜಿಗೆ ಕೊಟ್ಟಳು.

ಅಂಥ ಅಕ್ಕ ಈ ಚಳಿಗಾಲ ಅರಬ್ಬೀ ಸಮುದ್ರದ ಮೇಲೆ ಇದ್ದಳು. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿದ್ದ ಅವಳ ಮನೆಯನ್ನು ಬಿಲ್ಡರೊಬ್ಬನಿಗೆ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟಿದ್ದರು. ಹಳೆಯ ಮನೆ ಕೆಡವಿ, ಮಹಡಿಗಳನ್ನು ಎಬ್ಬಿಸಿ, ಅದರಲ್ಲಿ ಇವರಿಗೆ ಎರಡು ಫ್ಲ್ಯಾಟು ಕೊಡುವುದೆಂದು ಒಪ್ಪಂದ. ಆ ರಸ್ತೆಯಲ್ಲಿ ಈಗ ಎಲ್ಲರೂ ಮಾಡುತ್ತಿರುವುದು ಅದನ್ನೇ. ಕಟ್ಟಡ ಏಳುವವರೆಗೆ ಇರಲು ಬಾಡಿಗೆ ಮನೆ ಬೇಕಿತ್ತು. ಕತ್ರಿಗುಪ್ಪೆಯಿಂದ ವಸಂತಪುರದವರೆಗೆ ಹುಡುಕಿದರು. ಒಂದರಲ್ಲಿ ಗಾಳಿ ಇಲ್ಲ, ಇನ್ನೊಂದರಲ್ಲಿ ದೇವರ ಮನೆ ಇಲ್ಲ, ಮತ್ತೊಂದರ ಮಾಲೀಕರಿಗೆ ನಾಯಿ ಕೂಡದು. ಅಕ್ಕ ಎಲ್ಲದಕ್ಕೂ ಮೂಗು ಮುರಿದಳು. ಆಗ ಸೀನು ಭಾವ ಹೆದರುತ್ತಾ ಹೆದರುತ್ತಾ ದೋಣಿಯ ಮಾತು ತೆಗೆದರು.

ಭಾವ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ಹಾಯಿದೋಣಿಯ ಹುಚ್ಚು ಹತ್ತಿದ್ದು ಅದಕ್ಕೂ ಮೊದಲೇ. ರಜೆ ಸಿಕ್ಕಾಗಲೆಲ್ಲ ಗೋವಾಕ್ಕೆ ಓಡಿ ಕಲಿತರು. ಅಲ್ಲಿಂದ ತನ್ನ ದೇಶಕ್ಕೆ ಹೊರಟಿದ್ದ ಒಬ್ಬನಿಂದ ಹಳೆಯ ಹಾಯಿದೋಣಿಯೊಂದನ್ನು ಕೊಂಡೂ ಇಟ್ಟಿದ್ದರು. ಮಲಗಲು ಮಂಚ, ಸಣ್ಣ ಒಲೆ, ಅದಕ್ಕಿಂತ ಸಣ್ಣ ಬಚ್ಚಲು ಎಲ್ಲ ಇದ್ದ ದೋಣಿ. ಚಳಿಗಾಲದಲ್ಲಿ ಸಮುದ್ರ ಸೌಮ್ಯ, ಗೋವಾದಿಂದ ಕೊಚ್ಚಿಯವರೆಗೆ ದಡದ ಪಕ್ಕದಲ್ಲೇ ನಿಧಾನವಾಗಿ ಹೋಗೋಣ ಎಂದರಂತೆ. ಅಕ್ಕ ಅವರನ್ನು ದೋಣಿ ಸಮೇತ ಮುಳುಗಿಸುತ್ತಾಳೆಂದು ನಾವೆಲ್ಲ ಎಣಿಸಿದ್ದೆವು. ಅವಳು ಒಪ್ಪಿಬಿಟ್ಟಳು. “ದೋಣಿಯಾದ್ರೂ ಸ್ವಂತದ್ದು. ಇನ್ನೊಬ್ರ ಮನೇಲಿ ಇರೋದಕ್ಕಿಂತ ವಾಸಿ” ಎಂದಳು. ಹತ್ತಿದ ದಿನ ಆ ಪುಟ್ಟ ಒಲೆಯ ಮೇಲೆ ಹಾಲುಕ್ಕಿಸಿ, ಗಾಂಧಿ ಬಜಾರಿನ ಪ್ಲಾಸ್ಟಿಕ್ ತೋರಣ ಕಟ್ಟಿ, ಗಣಪತಿಗೊಂದು ಗೂಡು ಮಾಡಿ ಗೃಹಪ್ರವೇಶವನ್ನೇ ನಡೆಸಿದಳು. ಫೋಟೋ ನೋಡಿ ನಾನು, ‘ಸತ್ಯನಾರಾಯಣ ಪೂಜೆ ಯಾವತ್ತು?’ ಎಂದು ಮೆಸೇಜು ಹಾಕಿದೆ. ಉತ್ತರ ಬರಲಿಲ್ಲ.

ಅವರ ಜೊತೆಗೆ ಬೋಂಡನೂ ಹೋದ. ಬೋಂಡ ಅಕ್ಕನ ನಾಯಿ. ದೊಡ್ಡ ಕುಲಗೋತ್ರದವನಲ್ಲ, ಅದೇ ಬೀದಿಯವನು. ಮರಿಯಾಗಿದ್ದಾಗ ಗೇಟಿನ ಪಕ್ಕದ ಮೋರಿಯಿಂದ ಅಕ್ಕನೇ ಎತ್ತಿಕೊಂಡು ಬಂದು ತೊಳೆದಾಗ, ಆಗಷ್ಟೇ ಎಣ್ಣೆಯಿಂದ ತೆಗೆದ ಬೋಂಡದ ಹಾಗೆ ಗುಂಡಗೆ, ಕೆಂಚಗೆ ಕಂಡನಂತೆ. ಬೆಳೆದದ್ದು ಮೊಸರನ್ನ ತಿಂದುಕೊಂಡು. ಒಳಗೆ ಗಲೀಜು ಮಾಡಬಾರದು ಎನ್ನುವುದನ್ನು ಅಕ್ಕ ಅವನಿಗೆ ಒಂದೇ ವಾರದಲ್ಲಿ ಕಲಿಸಿದಳು. ಆಮೇಲೆ ಒಂದು ತೊಟ್ಟು ಒಳಗೆ ಬಿದ್ದದ್ದಿಲ್ಲ. ಭೇದಿ ಹತ್ತಿದಾಗಲೂ ಬಾಗಿಲು ಕೆರೆದು ಹೊರಗೋಡಿದ ಪುಣ್ಯಾತ್ಮ. ದೋಣಿಯಲ್ಲಿ ಅವನಿಗಾಗಿಯೇ ಬೆಳಿಗ್ಗೆ, ಸಾಯಂಕಾಲ ದಡದ ಹತ್ತಿರ ಲಂಗರು ಹಾಕಿ, ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಬೀಚಿಗೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಅದೇನೂ ತೊಂದರೆಯಾಗಿರಲಿಲ್ಲ.

ಆ ಗುರುವಾರ ಬೆಳಗಿನ ಕ್ಲಿನಿಕ್ಕು ಮುಗಿಸಿ ಕೈ ತೊಳೆಯುತ್ತಿದ್ದಾಗ ಅಕ್ಕನ ಫೋನು ಬಂತು. ದಡದಿಂದ ತೀರಾ ದೂರ ಹೋಗದಿದ್ದರೆ ಅವರಿಗೆ ಸಿಗ್ನಲ್ ಸಿಗುತ್ತಿತ್ತು.

“ಏನಿಲ್ಲ ಕಣೇ ಮೈತ್ರಿ, ಸುಮ್ನೆ ಮಾಡ್ದೆ” ಎಂದಳು. ನಮ್ಮ ಮನೆಯಲ್ಲಿ ಯಾರಾದರೂ ‘ಸುಮ್ನೆ ಮಾಡ್ದೆ’ ಎಂದರೆ ಎದೆ ಹಿಡಿದುಕೊಂಡು ಕೂರಬೇಕು.

“ಏನಾಯ್ತು ಹೇಳು.”

“ಬೋಂಡ ಸ್ವಲ್ಪ ಡಲ್ಲಾಗಿದಾನೆ. ಎರಡು ಸಲ ವಾಂತಿ ಆಯ್ತು. ಮೊಸರನ್ನ ಮುಟ್ಟಿಲ್ಲ.”

“ಅಲೆ ಜಾಸ್ತಿ ಇದೆಯಾ? ನಾಯಿಗೂ ಸಮುದ್ರದಲ್ಲಿ ತಲೆ ಸುತ್ತುತ್ತೆ ಅಕ್ಕಾ. ಒಂದ ಎರಡ ಎಲ್ಲಾ ಸರಿಯಾಗಿ ಆಗ್ತಿದೆಯಾ?”

“ಎಲ್ಲಾ ಆಗಿದೆ ಕಣೇ. ನಾರ್ಮಲ್ಲು.”

ದೋಣಿಯ ನಡುಭಾಗದಲ್ಲಿ, ಕುಲುಕಾಟ ಕಡಿಮೆ ಇರುವ ಕಡೆ ಮಲಗಿಸಲು ಹೇಳಿದೆ. ಚಮಚದಲ್ಲಿ ನೀರು, ಊಟ ಬೇಡ, ನಾನು ಕೊಟ್ಟಿದ್ದ ಪೌಚಿನಲ್ಲಿರುವ ಮಾತ್ರೆ ಅರ್ಧ. ಫೋನಿಟ್ಟು ಮನೆಗೆ ಹೋಗಿ ಊಟ ಮಾಡಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಭಾವನ ದೋಣಿಯನ್ನು ಮನಸ್ಸಿನಲ್ಲೇ ಬೈದುಕೊಂಡೆನೇ ಹೊರತು ಹೆಚ್ಚು ಚಿಂತೆ ಮಾಡಲಿಲ್ಲ.

ಮಧ್ಯಾಹ್ನ ಭಾವನಿಂದ ಒಂದು ವಾಯ್ಸ್ ಮೆಸೇಜು ಬಂತು. ಗಾಳಿಯ ಗದ್ದಲದ ನಡುವೆ ಪಿಸುಮಾತು.

“ಮೈತ್ರಿ, ನಾನು. ಮುಂದ್ಗಡೆ ಬಂದು ಮಾತಾಡ್ತಿದೀನಿ, ನಿಮ್ಮಕ್ಕಂಗೆ ಕೇಳ್ಸಲ್ಲ. ಬೋಂಡ ನಿನ್ನೆ ಬೆಳಿಗ್ಗೆ ಬೀಚಲ್ಲಿ ಒಂದ ಮಾಡಿದ್ದೇ ಕೊನೆ. ಆಮೇಲೆ ಒಂದು ತೊಟ್ಟೂ ಇಲ್ಲ. ನಿನ್ನೆ ಸಾಯಂಕಾಲ ಗಾಳಿ ಸಖತ್ತಾಗಿತ್ತು ಅಂತ ನಾನು ನಿಲ್ಲಿಸ್ದೆ ಬಂದ್ಬಿಟ್ಟೆ. ಇವತ್ತು ರಬ್ಬರ್ ದೋಣಿ ಮೋಟಾರು ಸ್ಟಾರ್ಟೇ ಆಗ್ತಿಲ್ಲ, ಹುಟ್ಟು ಹಾಕ್ಕೊಂಡು ಹೋಗೋಷ್ಟು ದಡ ಹತ್ರ ಇಲ್ಲ. ತಪ್ಪು ನಂದೇ ಕಣಮ್ಮ. ನಾನ್ ಹೇಳ್ದೆ ಅಂತ ಅಕ್ಕಂಗೆ ಅನ್ಬೇಡ.”

ನನಗೆ ಕೋಪ ನೆತ್ತಿಗೇರಿತು. ಅದರ ಹಿಂದೆಯೇ ಭಯವೂ ಬಂತು. ಹೋದ ವರ್ಷ ಬೋಂಡನ ಮೂತ್ರ ಪರೀಕ್ಷೆ ಮಾಡಿದಾಗ ಅದರಲ್ಲಿ ಸಣ್ಣ ಹರಳು ಕಾಣಿಸಿಕೊಂಡಿತ್ತು. ಅದಕ್ಕೆಂದು ಬೇರೆ ಆಹಾರ ಬರೆದುಕೊಟ್ಟಿದ್ದೆ. ಅಕ್ಕ ಎಷ್ಟು ದಿನ ಅದನ್ನು ಹಾಕಿದಳೋ, ಯಾವಾಗ ಮೊಸರನ್ನಕ್ಕೆ ಮರಳಿದಳೋ ಆ ಗಣಪತಿಗೇ ಗೊತ್ತು. ಗಂಡು ನಾಯಿಯ ಮೂತ್ರದ ದಾರಿ ತುಂಬ ಕಿರಿದು. ಹರಳು ಬೆಳೆದು ಅಲ್ಲಿ ಸಿಕ್ಕಿಕೊಂಡರೆ ದಾರಿ ಪೂರ್ತಿ ಮುಚ್ಚುತ್ತದೆ. ಆಮೇಲೆ ವಾಂತಿ, ಸುಸ್ತು, ಕೊನೆಗೆ ಮೈಯಲ್ಲಿ ವಿಷವೇರಿ ಹೃದಯ ನಿಲ್ಲುತ್ತದೆ. ನನ್ನ ಮೇಜಿನ ಮೇಲೆಯೇ ಹಾಗೆ ಹೋದ ನಾಯಿಗಳಿವೆ. ನಳಿಗೆ ಹಾಕಿ ಮೂತ್ರ ಹೊರಗೆ ತೆಗೆಯುವುದು ಸುಲಭದ ಕೆಲಸ, ಆದರೆ ನಾಯಿ ನನ್ನೆದುರು ಇರಬೇಕಲ್ಲ. ಇವನು ನೀರಿನ ಮೇಲಿದ್ದ.

ಹಾಗಲ್ಲದೆ ಇನ್ನೊಂದು ಸಾಧ್ಯತೆಯೂ ಇತ್ತು. ಬೋಂಡನಿಗೆ ಹೋಗಲು ಆಗುತ್ತಿಲ್ಲವೋ, ಅಥವಾ ಅವನೇ ಹೋಗುತ್ತಿಲ್ಲವೋ? ಎಲ್ಲ ನಿಂತಿದ್ದದ್ದು ಇದೊಂದರ ಮೇಲೆ.

ಕ್ಲಿನಿಕ್ಕಿಗೆ ವಾಪಸು ಬಂದೆ. ನನ್ನ ಜೊತೆ ಕೆಲಸ ಮಾಡುವ ಸಿದ್ದರಾಜು ಸಾಯಂಕಾಲದ ರೋಗಿಗಳಿಗಾಗಿ ಬಾಗಿಲು ತೆಗೆಯುತ್ತಿದ್ದರು. ಯಾರು ಬಂದರೂ ಸ್ವಲ್ಪ ಕೂರಿಸಿ ಎಂದು ಹೇಳಿ, ಒಳಕೋಣೆ ಸೇರಿ ಅಕ್ಕನಿಗೆ ಫೋನು ಹಚ್ಚಿದೆ.

“ಅಕ್ಕಾ, ಸ್ಪೀಕರ್ ಹಾಕು. ಭಾವನೂ ಕೇಳ್ಲಿ. ಬೋಂಡ ನಿನ್ನೆ ಬೆಳಗಿಂದ ಉಚ್ಚೆ ಮಾಡಿಲ್ಲ. ಹೌದೋ ಅಲ್ವೋ?”

“ಇವ್ರು ಹೇಳಿದ್ರಾ?”

“ಯಾರ್ ಹೇಳಿದ್ರೆ ಏನು? ನಾನು ಕೇಳಿದ್ನಲ್ಲ ಅಕ್ಕಾ! ನಾರ್ಮಲ್ಲು ಅಂದ್ಯಲ್ಲ!”

“ನೀನು ಅಲ್ಲಿ ಪೇಷೆಂಟ್ಸ್ ಮಧ್ಯೆ ಇರ್ತೀಯ, ಸುಮ್ನೆ ಗಾಬರಿ ಯಾಕೆ...”

“ನಾನು ಡಾಕ್ಟ್ರು ಕಣೇ! ಗಾಬರಿ ಆಗೋದೇ ನನ್ನ ಕೆಲಸ!”

ಹೊರಗಿನಿಂದ ಸಿದ್ದರಾಜು ಇಣುಕಿ ನೋಡಿ ಬಾಗಿಲು ಮುಂದೆ ಮಾಡಿದರು. ನಾನು ಉಸಿರೆಳೆದುಕೊಂಡು ದನಿ ತಗ್ಗಿಸಿದೆ. ಹಿಂಗಾಲಿನ ಮುಂದೆ, ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಮುಟ್ಟಿ ನೋಡಲು ಭಾವನಿಗೆ ಹೇಳಿದೆ.

“ಗಟ್ಟಿಯಾಗಿದೆ ಮೈತ್ರಿ. ಒಳ್ಳೇ ತೆಂಗಿನಕಾಯಿ ಇಟ್ಟಂಗಿದೆ. ಮುಟ್ಟಿದ್ರೆ ಕುಂಯ್ ಅಂತಾನೆ.”

“ಬೆಳಗಿಂದ ಕಾಲೆತ್ತಿ ಪ್ರಯತ್ನ ಮಾಡಿದ್ನಾ? ತಿಣುಕಿದ್ನಾ?”

ಭಾವ, “ಹೇಳು ವಿಮಲಾ” ಎಂದರು.

“ಬೆಳಿಗ್ಗೆ ಒಂದ್ ಸಲ” ಎಂದಳು ಅಕ್ಕ, “ಹಾಯಿಕಂಬದ ಹತ್ರ ಕಾಲೆತ್ತಿದ.”

“ಬಂತಾ?”

“ನಾನು ‘ಶ್!’ ಅಂದ್ಬಿಟ್ಟೆ ಕಣೇ. ಅಲ್ಲೇ ಕೆಳಗೆ ದೇವರ ಗೂಡಿದೆ. ಬಾಯಿಗೆ ಬಂದ್ಬಿಡ್ತು. ತಕ್ಷಣ ಕಾಲು ಇಳಿಸ್ಬಿಟ್ಟ.”

ಆಮೇಲೆ ಅವನನ್ನು ಅದೇ ಕಂಬದ ಹತ್ತಿರ ಮತ್ತೆ ಮತ್ತೆ ಕರೆದುಕೊಂಡು ಹೋಗಿದ್ದಾರೆ. ಮುದ್ದು ಮಾಡಿದ್ದಾರೆ, ಬೇಡಿಕೊಂಡಿದ್ದಾರೆ. ಕೊನೆಗೆ ಭಾವ ತಾವೇ ಕಂಬದ ಬುಡದಲ್ಲಿ ಮಾಡಿ ತೋರಿಸಿದರಂತೆ. ಬೋಂಡ ಒಮ್ಮೆ ಮೂಸಿ, ಇಂಥ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದೆನಲ್ಲ ಎನ್ನುವಂತೆ ಮುಖ ತಿರುಗಿಸಿ ಬಾಗಿಲ ಬಳಿ ಹೋಗಿ ಮಲಗಿದನಂತೆ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

“ಈಗ ಎಲ್ಲಿದೀರಾ?” ಎಂದೆ.

ಒಂದು ಸಣ್ಣ ಮೀನುಗಾರಿಕೆ ಬಂದರಿನ ಎದುರಿಗೆ ಲಂಗರು ಹಾಕಿದ್ದರು. ಊರು ಕಣ್ಣಿಗೆ ಕಾಣುತ್ತಿತ್ತು. ಅಲ್ಲಿಂದ ಟ್ಯಾಕ್ಸಿ ಹಿಡಿದರೆ ಪಶು ಆಸ್ಪತ್ರೆಯೂ ದೂರವಿರಲಿಲ್ಲ. ಆದರೆ ಬಂದರಿನ ಒಳಗೆ ಹೋಗಲು ನದಿ ಸಮುದ್ರ ಸೇರುವ ಅಳಿವೆಯನ್ನು ದಾಟಬೇಕು. ಅಲ್ಲಿ ಮರಳು ತುಂಬಿಕೊಂಡಿದೆ. ಉಬ್ಬರದಲ್ಲಿ ಆರಾಮಾಗಿ ದಾಟಬಹುದು, ಇಳಿತದಲ್ಲಿ ದೋಣಿಯ ಅಡಿ ತಾಗುತ್ತದೆ, ತಾಗಿ ನಿಂತ ದೋಣಿಯ ಮೇಲೆ ಅಲೆ ಬಂದು ಒಡೆಯುತ್ತದೆ. ಈಗ ಇಳಿತದ ಹೊತ್ತು, ಮುಂದಿನ ಉಬ್ಬರ ರಾತ್ರಿಗೆ. ಬಂದರಿನ ಮೀನುಗಾರರನ್ನು ಭಾವ ಫೋನಿನಲ್ಲಿ ಕೇಳಿದ್ದಕ್ಕೆ, ಈಗ ಬರಬೇಡಿ, ಗೊತ್ತಿಲ್ಲದವರು ಕತ್ತಲಲ್ಲಂತೂ ಬರಲೇಬೇಡಿ, ಇಳಿತದಲ್ಲಿ ನಮ್ಮ ದೋಣಿಗಳೂ ಹೊರಗೆ ಬರುವುದಿಲ್ಲ, ಬೆಳಿಗ್ಗೆ ಬನ್ನಿ ಎಂದಿದ್ದರು.

“ಬೆಳಿಗ್ಗೆವರೆಗೂ ತಡೀತಾನಾ ಮೈತ್ರಿ?” ಭಾವ ಕೇಳಿದರು. “ನೀನು ಈಗ್ಲೇ ಹೋಗ್ಬೇಕು ಅಂದ್ರೆ ನಾನು ಒಳಗೆ ಹೋಗೋಕೆ ನೋಡ್ತೀನಿ. ನೀನು ಹೇಳು.”

“ಹೋಗಿ ಅನ್ನು ಕಣೇ” ಎಂದಳು ಅಕ್ಕ. “ಏನಾದ್ರೂ ಆಗ್ಲಿ. ನಂಗೆ ಬೋಂಡ ಬೇಕು.”

ಅತ್ತ ದರಿ, ಇತ್ತ ಪುಲಿ ಎನ್ನುವ ಮಾತನ್ನು ನಾನು ಅದುವರೆಗೆ ಕೋರಮಂಗಲದ ಟ್ರಾಫಿಕ್ಕಿಗೆ, ಸಿಲ್ಕ್ ಬೋರ್ಡಿಗೆ ಬಳಸಿ ಸವೆಸಿದ್ದೆ. ಅದರ ಅರ್ಥ ಗೊತ್ತಾದದ್ದು ಆವತ್ತು. ಹರಳು ಸಿಕ್ಕಿಕೊಂಡಿದ್ದರೆ ಬೆಳಗಿನ ಹೊತ್ತಿಗೆ ಬೋಂಡ ಇರುವುದಿಲ್ಲ. ಹರಳಿಲ್ಲದಿದ್ದರೆ, ಒಂದು ನಾಯಿಯ ಮೊಂಡುತನಕ್ಕಾಗಿ ಇಬ್ಬರು ವಯಸ್ಸಾದವರನ್ನು ಒಡೆಯುವ ಅಲೆಗಳ ಬಾಯಿಗೆ ಕಳುಹಿಸಿದ ಹಾಗೆ. ಅಕ್ಕನ ಈಜು ಜಯನಗರದ ಈಜುಕೊಳದಲ್ಲಿ ಮೂಗು ಹಿಡಿದುಕೊಂಡು ಕೂತಷ್ಟರಲ್ಲೇ ಮುಗಿದಿತ್ತು. ಬೆಳಿಗ್ಗೆ ಕಾಲೆತ್ತಿದ ಎಂಬುದರಿಂದಲೂ ಏನೂ ತಿಳಿಯುವಂತಿರಲಿಲ್ಲ. ಹೋಗಲು ಆಗದ ನಾಯಿಯೂ ಕಾಲೆತ್ತುತ್ತದೆ. ಅವಳ ‘ಶ್’ ಅನ್ನುವ ಸದ್ದಿಗೆ ಕಾಲಿಳಿಸಿದನೋ, ನೋವಿಗೆ ಇಳಿಸಿದನೋ, ಇಲ್ಲಿ ಕುಳಿತು ನಾನು ಹೇಗೆ ಹೇಳಲಿ? ನನಗೆ ಅಳು ಬರುವ ಹಾಗಾಯಿತು. ಕಿವಿಗೆ ಫೋನು ಒತ್ತಿಕೊಂಡು ಮೇಜಿನ ಮೇಲಿನ ಸ್ಟೆತಾಸ್ಕೋಪನ್ನು ಸುಮ್ಮನೆ ಸುತ್ತುತ್ತಾ ಬಿಚ್ಚುತ್ತಾ ಕುಳಿತಿದ್ದೆ.

“ಸ್ವಲ್ಪ ತಡೀರಿ” ಎಂದೆ. “ಅಕ್ಕಾ, ಈಗ ಬೋಂಡ ಏನ್ ಮಾಡ್ತಿದಾನೆ? ಇದ್ದದ್ದು ಇದ್ದ ಹಾಗೆ ಹೇಳು. ನಿನ್ನ ದಮ್ಮಯ್ಯ, ಒಂದಕ್ಷರ ಬಿಡ್ಬೇಡ.”

“ನನ್ನ ಕಾಲ ಹತ್ರ ಕೂತಿದಾನೆ. ಬೆಳಗಿಂದ ಇದೇ ಕಣೇ. ಕಾಲ ಮೇಲೆ ಮೂಗಿಡ್ತಾನೆ, ನನ್ನ ಮುಖ ನೋಡ್ತಾನೆ, ಮತ್ತೆ ಕಾಲ್ ನೋಡ್ತಾನೆ. ನಾನೆಲ್ಲಿ ಹೋದ್ರೂ ಬಂದು ಕಾಲೇ ನೋಡ್ತಾನೆ.” ಅವಳು ಅಳತೊಡಗಿದಳು. “ನಮಸ್ಕಾರ ಮಾಡ್ತಿದಾನೆ ಮೈತ್ರಿ. ಹೋಗ್ಬರ್ತೀನಿ ಅಂತ ಹೇಳ್ತಿದಾನೆ. ಅದಕ್ಕೇ ನಿಂಗೆ ಹೇಳೋಕೂ ಬಾಯಿ ಬರ್ಲಿಲ್ಲ.”

ನಾಯಿಗಳು ನಮಸ್ಕಾರ ಮಾಡುವುದಿಲ್ಲ. ಕೊನೆಗಾಲದಲ್ಲಿ ಹೇಳಿಹೋಗುವ ಸಂಪ್ರದಾಯ ಅವಕ್ಕಿಲ್ಲ. ಸಾಯುವ ನಾಯಿ ಮೂಲೆ ಹುಡುಕುತ್ತದೆ, ಮುಖ ಗೋಡೆಗೆ ಮಾಡುತ್ತದೆ. ಯಜಮಾನಿತಿಯ ಕಾಲನ್ನು ಹಿಂಬಾಲಿಸಿಕೊಂಡು ತಿರುಗುವ ನಾಯಿಗೆ ಏನೋ ಬೇಕಾಗಿರುತ್ತದೆ. ಕಾಲಿನಲ್ಲಿ ಇವನಿಗೇನು ಬೇಕು?

ಅಕ್ಕನ ಜಯನಗರದ ವರಾಂಡ ನೆನಪಾಯಿತು. ಸಾಯಂಕಾಲ ನಾನು ಹೋದಾಗಲೆಲ್ಲ ಕಾಣುತ್ತಿದ್ದ ದೃಶ್ಯ. ನಾವು ಕಾಫಿ ಕುಡಿಯುತ್ತಾ ಮಾತಿನಲ್ಲಿ ಮುಳುಗಿರುತ್ತಿದ್ದೆವು. ಬೋಂಡ ಅಕ್ಕನ ಪಾದದ ಮೇಲೆ ಮೂಗಿಟ್ಟು ಒಮ್ಮೆ ಪಾದ, ಒಮ್ಮೆ ಮುಖ ನೋಡುತ್ತಿರುತ್ತಿದ್ದ. ಅವಳು ಎದ್ದು, ಬಾಗಿಲಾಚೆ ಹೋಗಿ, ಹೊರಗಿನ ಗೂಡಿನಿಂದ ಚಪ್ಪಲಿ ತೆಗೆದು ಮೆಟ್ಟಿದಳೋ, ಮುಗಿಯಿತು. ಕುಣಿತವೇ ಕುಣಿತ. ಚೈನು ಹಿಡಿಯುವುದಕ್ಕೂ ಮೊದಲೇ ಗೇಟಿನ ಬಳಿ ಇರುತ್ತಿದ್ದ.

“ಅಕ್ಕಾ, ನಿನ್ನ ಕಾಲಲ್ಲಿ ಏನಿದೆ?”

“ಏನಿದೆ? ಕಾಲುಂಗುರ.”

“ಚಪ್ಪಲಿ ಹಾಕಿಲ್ವಾ?”

ಅಷ್ಟು ಅಳುವಿನ ನಡುವೆಯೂ ಅವಳಿಗೆ ಸಿಟ್ಟು ಬಂತು. “ಏನೇ ನೀನು! ಮನೆಯೊಳಗೆ ಯಾರಾದ್ರೂ ಚಪ್ಪಲಿ ಹಾಕ್ತಾರೇನೇ?”

ನಾನು ಕುರ್ಚಿಯಿಂದ ಎದ್ದು ನಿಂತೆ.

ಭಾವನನ್ನು ಕೇಳಿದಾಗ ಎಲ್ಲವೂ ತಿಳಿಯಿತು. ದೋಣಿ ಹತ್ತಿದ ಮೊದಲ ದಿನವೇ ಅಕ್ಕ ಕಟ್ಟಪ್ಪಣೆ ಮಾಡಿದ್ದಾಳೆ. ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಬರುವಂತಿಲ್ಲ. ಜಾರಬಾರದೆಂದು ಭಾವ ತರಿಸಿಕೊಂಡಿದ್ದ ದೋಣಿಯ ಶೂಗಳಿಗೂ ವಿನಾಯಿತಿ ಇಲ್ಲ. ಚಪ್ಪಲಿಗಳೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಪೆಟ್ಟಿಗೆಯೊಳಗೆ. ರಬ್ಬರ್ ದೋಣಿಗೆ ಇಳಿದ ಮೇಲೆಯೇ ಕವರು ಬಿಚ್ಚುವುದು, ವಾಪಸು ಬಂದು ಹತ್ತುವ ಮೊದಲು ಬಿಟ್ಟು ಕಾಲು ತೊಳೆಯುವುದು. ಬೋಂಡನಿಗೆ ಇನ್ನೇನು ಗೊತ್ತಾಗಬೇಕು? ಅಕ್ಕ ಬರಿಗಾಲಿನಲ್ಲಿರುವ ಜಾಗ ಒಳಗು, ಚಪ್ಪಲಿ ಮೆಟ್ಟಿದ ಜಾಗ ಹೊರಗು. ಸುತ್ತ ಇಡೀ ಅರಬ್ಬೀ ಸಮುದ್ರವಿದ್ದರೂ ಅವನು ಮನೆಯೊಳಗೇ ಇದ್ದ.

“ಅಕ್ಕಾ, ಕೇಳು. ಚಪ್ಪಲಿ ತೆಗಿ. ಹಾಕ್ಕೊಂಡು, ಚೈನ್ ಹಿಡಿದು, ವಾಕಿಂಗ್ ಅಂತ ಹೇಳಿ ದೋಣಿ ಮೇಲೇ ಒಂದ್ ಸುತ್ತು ಬಾ. ಹಾಗೂ ಆಗ್ಲಿಲ್ಲ ಅಂದ್ರೆ ಹರಳೇ. ಆಗ ನೀವು ಅಳಿವೆಗೆ ತಿರುಗಿಸ್ಲೇಬೇಕು.”





“ದೇವರಿದೆ ಕಣೇ ಇಲ್ಲಿ” ಎಂದಳು ಮೆಲ್ಲಗೆ. “ಹಾಲುಕ್ಕಿಸಿದೀನಿ. ದಿನಾ ದೀಪ ಹಚ್ತೀನಿ. ಇವ್ರು ಚಪ್ಪಲಿ ಹಾಕ್ಕೊಂಡು ಮುಂದ್ಗಡೆ ಓಡಾಡ್ಲಿ ಬೇಕಿದ್ರೆ.”

“ಭಾವನ ಕಾಲು ನೋಡ್ತಿಲ್ಲ ಅವನು. ನಿನ್ನ ಕಾಲು ನೋಡ್ತಿದಾನೆ.”

“ಇದು ಮನೆ ಮೈತ್ರಿ.”

ಅವಳ ದನಿಯಲ್ಲಿ ಹಟ ಇರಲಿಲ್ಲ. ಹಟವಿದ್ದಿದ್ದರೆ ಎರಡು ಮಾತು ಬೈದು ದಾರಿಗೆ ತರುತ್ತಿದ್ದೆ. ಅದು ಬೇಡಿಕೊಳ್ಳುವ ದನಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು, ನನಗೆ ಜಡೆ ಹೆಣೆದವಳು, ನನ್ನ ಎದುರು ಅಂಗಲಾಚಿದ್ದನ್ನು ನಾನು ಕೇಳಿದ್ದೇ ಇಲ್ಲ. ಇಷ್ಟು ದಿನ ಅವಳ ತೋರಣ, ಹಾಲುಕ್ಕಿಸುವುದು ಎಲ್ಲವನ್ನೂ ಗೇಲಿ ಮಾಡಿಕೊಂಡು ಬಂದವಳು ನಾನು. ಆದರೂ ಹೇಳಲೇಬೇಕಿತ್ತು. ಹೇಳಿದೆ.

“ಮನೆ ಅಲ್ಲಕ್ಕಾ ಅದು. ನೀನು ಮನೆ ಅಂದಿದ್ದಕ್ಕೇ ಅವನು ಹೊಟ್ಟೆ ಕಟ್ಕೊಂಡು ಕೂತಿದಾನೆ. ಅವನಿಗೆ ಕಾಯಿಲೆ ಇಲ್ಲ. ನಿನ್ನ ಮಾತು ಕೇಳ್ತಿದಾನೆ, ಅಷ್ಟೇ. ಸತ್ರೂ ಕೇಳ್ತಾನೆ.”

ಅತ್ತಲಿಂದ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಪ್ಲಾಸ್ಟಿಕ್ ಕವರಿನ ಪರಪರ. ಅದರ ಬೆನ್ನಿಗೇ ಟಪ್ ಟಪ್ ಟಪ್ ಎಂದು ಇನ್ನೊಂದು ಸದ್ದು. ಭಾವ ಫೋನು ಕೈಗೆ ತೆಗೆದುಕೊಂಡು, “ಬಾಲ ಮೈತ್ರಿ! ಬಾಲ ಬಡೀತಿದಾನೆ!” ಎಂದು ಕೂಗಿದರು. “ಎದ್ದ! ಎದ್ ನಿಂತ!”

ಚಪ್ಪಲಿಯ ಸಪ್ಪಳ ನನಗೆ ಜೆ.ಪಿ. ನಗರದವರೆಗೆ ಕೇಳಿಸಿತು. ಒಂದೊಂದೇ ಹೆಜ್ಜೆ, ಬೆಂಕಿಯ ಮೇಲಿಟ್ಟ ಹಾಗೆ. “ಬಾರೋ ಬೋಂಡ, ವಾಕಿಂಗ್ ಹೋಗಣ” ಎಂದು ಕರೆದಳು. ಭಾವ ಕ್ರಿಕೆಟ್ ಕಾಮೆಂಟರಿ ಕೊಡುವವರ ಹಾಗೆ ಶುರುಮಾಡಿದರು. ಹಿಂದಿನಿಂದ ಮುಂದಕ್ಕೆ ಹೋದರು. ತುದಿಯಲ್ಲಿ ತಿರುಗಿದರು. ಬೋಂಡ ಮೂಸುತ್ತಿದ್ದಾನೆ. ಕಂಬದ ಹತ್ತಿರ ಬಂದ. ನಿಂತ. ದಾಟಿ ಹೋದ. ಛೇ.

ಅಳಿವೆ, ಮರಳು, ಒಡೆಯುವ ಅಲೆ ಎಲ್ಲ ಕಣ್ಣಮುಂದೆ ಬಂತು. ಒಂದು ವೇಳೆ ಹರಳೇ ಆಗಿದ್ದರೆ ಹೊತ್ತು ಕಳೆದವಳು ನಾನೇ.

“ಇನ್ನೊಂದ್ ಸುತ್ತು ಬಾ ಅನ್ನಿ” ಎಂದೆ.

ಎರಡನೇ ಸುತ್ತಿನಲ್ಲಿ ಬೋಂಡ ಕಂಬದ ಬಳಿ ನಿಂತ. ಕಾಲೆತ್ತಿದ. ಎತ್ತಿದ ಕಾಲನ್ನು ಹಾಗೆಯೇ ಹಿಡಿದು, ಕತ್ತು ತಿರುಗಿಸಿ ಅಕ್ಕನ ಮುಖ ನೋಡಿದನಂತೆ. ಭಾವನ ಕಾಮೆಂಟರಿ ನಿಂತುಹೋಯಿತು.

“ಹೋಗೋ ಕಂದ” ಎಂದಳು ಅಕ್ಕ. “ಇದು ನಮ್ಮನೆ ಅಲ್ಲ. ನಾನೇ ನಿಂಗೆ ಸುಳ್ಳು ಹೇಳಿದ್ದು. ನಮ್ಮನೆ ಕೆಡವಿಬಿಟ್ರು ಕಣೋ. ಹೋಗು, ಪರ್ವಾಗಿಲ್ಲ.”

ನಾಯಿಗೆ ಕನ್ನಡ ಬರುತ್ತದೆಂದು ನಾನು ಹೇಳುವುದಿಲ್ಲ. ಅವಳ ಕಾಲಿನಲ್ಲಿ ಚಪ್ಪಲಿ ಇತ್ತು, ದನಿಯಲ್ಲಿ ಗದರಿಕೆ ಇರಲಿಲ್ಲ, ನಾಯಿಗೆ ಅಷ್ಟು ಸಾಕು. ನನಗೆ ಕೇಳಿಸಿದ್ದು ನೀರಿನ ಸದ್ದು. ಮೊದಲು ತಡೆತಡೆದು, ಆಮೇಲೆ ಮಳೆಗಾಲದ ಸೂರಿನ ನೀರಿನ ಹಾಗೆ ಸುರಿಯತೊಡಗಿತು. ಅದು ನಿಲ್ಲಲೇ ಇಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಅದಕ್ಕಿಂತ ಇಂಪಾದ ಸದ್ದನ್ನು ನಾನು ಕೇಳಿಲ್ಲ. ಕುರ್ಚಿಗೆ ಕುಸಿದು ಕುಳಿತು, ಒಬ್ಬಳೇ ನಕ್ಕೆ, ಕಣ್ಣೊರೆಸಿಕೊಂಡೆ.

“ಅಳಿವೆಗೆ ಹೋಗ್ಬೇಡಿ ಭಾವ. ಅಲ್ಲೇ ಇರಿ. ಬೆಳಿಗ್ಗೆ ಉಬ್ಬರ ಬಂದ್ಮೇಲೆ ನಿಧಾನಕ್ಕೆ ಒಳಗೆ ಹೋಗಿ ಒಂದ್ಸಲ ಟೆಸ್ಟ್ ಮಾಡ್ಸಿ. ಈಗ ನೀರು ಕೊಡಿ, ಎಷ್ಟು ಕುಡಿದ್ರೂ ಕೊಡಿ.”

ಭಾವನ ಹಿಂದೆ ಅಕ್ಕ ಅಳುತ್ತಿದ್ದಳು. ಸ್ವಲ್ಪ ಹೊತ್ತಿನ ಮುಂಚಿನ ಅಳು ಅದಲ್ಲ. ಎದೆಯ ತಳದಿಂದ, ಬಾಯಿ ಬಿಟ್ಟು, ನಾಚಿಕೆ ಇಲ್ಲದೆ ಅಳುವ ಅಳು. ಹಿಂದೆ ನಮ್ಮ ಕಡೆ ಹೆಂಗಸರು ಸಾವಿನ ಮನೆಯಲ್ಲಿ ಹಾಗೆ ಅಳುತ್ತಿದ್ದರು. ಮನೆ ಕೆಡವಲು ಜೆಸಿಬಿ ಬಂದ ದಿನ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಎದುರು ಮನೆಯವರ ಅಡುಗೆಮನೆಯಲ್ಲಿ ತಾನೇ ಕಾಫಿ ಮಾಡಿ ಜೆಸಿಬಿಯವನಿಗೆ ಕೊಟ್ಟು, “ತುಳಸಿಕಟ್ಟೆ ಕಡೆ ಹುಷಾರಪ್ಪ, ಅದನ್ನ ಆಮೇಲೆ ತೆಗಿ” ಎಂದು ನಗುತ್ತಾ ಹೇಳಿದ್ದಳು. ಗಟ್ಟಿಗಿತ್ತಿ ಎಂದು ನಾವೆಲ್ಲ ಹೊಗಳಿದ್ದೆವು. ಹೇಗಿದ್ದೀಯ ಎಂದು ಆಮೇಲೆ ಯಾವಾಗ ಕೇಳಿದರೂ ನಾರ್ಮಲ್ಲು ಎಂದೇ ಹೇಳುತ್ತಿದ್ದಳು, ನಾವೂ ನಂಬುತ್ತಿದ್ದೆವು.

“ಮೈತ್ರಿ” ಎಂದರು ಭಾವ, ಗಾಬರಿಯಿಂದ. “ಬೋಂಡಂದು ಮುಗೀತು. ಓಡಾಡ್ತಿದಾನೆ. ಇವಳದ್ದು ನಿಲ್ತಾ ಇಲ್ಲ ಕಣಮ್ಮ. ಏನ್ ಮಾಡ್ಲಿ?”

“ಏನೂ ಮಾಡ್ಬೇಡಿ ಭಾವ. ನಿಲ್ಲಿಸ್ಬೇಡಿ. ಪೂರ್ತಿ ಆಗ್ಲಿ.”

ಸಿದ್ದರಾಜು ಬಾಗಿಲು ತಟ್ಟಿ, ಹೊರಗೆ ನಾಲ್ಕೈದು ಜನ ಕಾದಿದ್ದಾರೆ ಎಂದರು. ಇನ್ನೂ ಸ್ವಲ್ಪ ಕಾಯಲಿ ಎಂದು ಕೈಸನ್ನೆ ಮಾಡಿ, ಫೋನು ಕಿವಿಯಿಂದ ತೆಗೆಯದೆ ಹಾಗೇ ಕುಳಿತೆ.